ಎಂಟೆಳೆಯ ಚಿಲಕ

ಬನಹಟ್ಟಿಯ ಚಿದಾನಂದ ತನ್ನ ಪವರ್‌ಲೂಮಿನಲ್ಲಿ ಒಂದು ಎಳೆ ಹರಿದರೆ ಸಾಕು, ಉಣ್ಣುವ ತಾಟು ಬಿಟ್ಟು ಎದ್ದು ಓಡುತ್ತಿದ್ದ. ಮನೆಯಲ್ಲಿ ಏನಾದರೂ ಮುರಿದರೆ ಮಾತ್ರ ಅವನ ಬಾಯಲ್ಲಿ ಒಂದೇ ಮಾತು: "ಸದ್ಯಕ್ಕ ನಡೀಲಿ." ಸೋರುವ ನಳಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಒಂಬತ್ತು ವರ್ಷವಾಗಿತ್ತು. ಮಂಚದ ಮುರಿದ ಕಾಲಿನ ಕೆಳಗೆ ಇಟ್ಟಿಗೆ ಬಂದು ಕೂತದ್ದು ಅವನ ಮದುವೆಯ ವರ್ಷ. ಹಬ್ಬಕ್ಕೆ ಗೋಡೆಯ ಜೊತೆ ಆ ಇಟ್ಟಿಗೆಗೂ ಸುಣ್ಣ ಬೀಳುತ್ತಿತ್ತು. ಬೀದಿ ಬಾಗಿಲ ಚಿಲಕ ಕಿತ್ತು ಬಂದ ದಿನ ಎಂಟು ಎಳೆ ನೂಲು ಸೇರಿಸಿ ಹುರಿ ಮಾಡಿ, ಎರಡೂ ಕದಗಳ ತೂತಿನಲ್ಲಿ ಪೋಣಿಸಿ ಗಂಟು ಹಾಕಿದ. ನೇಕಾರರ ಗಂಟು ಅದು, ಜಗ್ಗಿದಷ್ಟೂ ಬಿಗಿಯಾಗುವಂಥದು. ಮೂರು ದೀಪಾವಳಿ ಕಳೆದರೂ ಅದೇ ಚಿಲಕ.

ಅಷ್ಟರಲ್ಲಿ ತಾಯಿ ದಾನಮ್ಮನಿಗೆ ಮರೆವು ಹತ್ತಿತು. ತೀರಿಹೋದ ಗಂಡನಿಗೆ ರೊಟ್ಟಿ ಬಡಿಯಲು ಕೂರುವಳು, ಸೊಸೆ ವೈಶಾಲಿಯನ್ನು ಯಾರವ್ವಾ ನೀ ಎಂದು ಕೇಳುವಳು. ಎರಡು ಸಲ ಓಣಿಯ ತುದಿಯವರೆಗೂ ಹೋಗಿದ್ದಳು. ಗಂಡ ಹೆಂಡತಿ ಇಬ್ಬರೂ ಹಿಂದಿನ ಓಣಿಯ ಶೆಡ್ಡಿಗೆ ಕೆಲಸಕ್ಕೆ ಹೋಗುವಾಗ ಬಾಗಿಲನ್ನು ಹೊರಗಿನಿಂದ ಕಟ್ಟತೊಡಗಿದರು.

"ಒಂದ ಕಬ್ಬಿಣದ ಚಿಲಕಾ ತರ್ರಿ. ಅತ್ತಿ ಹೊರಗ ಹೋದ್ರ ಏನ ಮಾಡೋಣು?" ಎಂದು ವೈಶಾಲಿ ಹೇಳಿ ಹೇಳಿ ಸಾಕಾಗಿದ್ದಳು.

"ಉಂಡದ್ದು ನೆನಪ ಇರಂಗಿಲ್ಲ ಅವ್ವಗ. ಗಂಟ ಬಿಚ್ಚತಾಳೇನ? ಸದ್ಯಕ್ಕ ನಡೀಲಿ ಬಿಡ."

ಒಂದು ಸೋಮವಾರ ಮಧ್ಯಾಹ್ನ ಬಂದು ನೋಡಿದರೆ ಬಾಗಿಲು ಹಾರು ಹೊಡೆದಿತ್ತು, ದಾನಮ್ಮ ಒಳಗಿರಲಿಲ್ಲ. ಹುರಿ ಹರಿದಿರಲಿಲ್ಲ. ಕದಗಳ ಸಂದಿಯಿಂದ ಅದನ್ನು ಸರಿಸಿ ಗಂಟನ್ನು ಒಳಗೆ ತಂದುಕೊಂಡು ಬಿಚ್ಚಿದ್ದಳು. ಎಂಟೂ ಎಳೆಗಳು ಸಿಕ್ಕಿಲ್ಲದೆ, ಒಂದರ ಪಕ್ಕ ಒಂದು, ಹೊಸ್ತಿಲ ಮೇಲೆ ನೀಟಾಗಿ ಮಲಗಿದ್ದವು. ನಲವತ್ತು ವರ್ಷ ಮಗ್ಗದ ಮುಂದೆ ಕೂತ ಕೈ ಅದು. ಸೊಸೆಯ ಮುಖ ಮರೆತಿತ್ತು ತಲೆ, ಬೆರಳು ಏನನ್ನೂ ಮರೆತಿರಲಿಲ್ಲ. ಆ ಗಂಟು ಹಾಕಲು ತನಗೆ ಕಲಿಸಿದವಳೇ ಅವಳೆಂಬುದು ಚಿದಾನಂದನಿಗೆ ಆಗ ಹೊಳೆಯಿತು. ಇಂಥ ಮಬ್ಬು ಇನ್ನೊಬ್ಬ ಇದ್ದಾನೆಯೇ ಎಂದು ಹಣೆ ಹಣೆ ಬಡಿದುಕೊಂಡ.

ಪಕ್ಕದ ರಬಕವಿ ಹುಡುಕಿದರು, ಗುಡಿ ಗುಂಡಾರ ಹುಡುಕಿದರು. ಸಂಜೆಗೆ ಮಹಾಲಿಂಗಪುರದಿಂದ ಫೋನ್ ಬಂತು. ಬಸ್‌ಸ್ಟ್ಯಾಂಡಿನಲ್ಲಿ ಚಹಾ ಮಾರುವ ಕಾವೇರಿ ಎಂಬಾಕೆ ಅವಳನ್ನು ಕೂರಿಸಿಕೊಂಡು, ಸೊಂಟದ ಚೀಲದಲ್ಲಿ ಸಿಕ್ಕ ನಂಬರಿಗೆ ಮಾಡಿದ್ದಳು.

"ಕಬ್ಬಿನ ಟ್ರ್ಯಾಕ್ಟರ್ ನಡುವ ಬರಿಗಾಲಿಲೆ ಹೊಂಟಿದ್ರರಿ. ಎಲ್ಲಿಗಿ ಆಯಿ ಅಂದ್ರ ಹೇಳವಲ್ರು. ಹೊತ್ತಾತು, ಹೊತ್ತಾತು ಅಂತಾರ ಅಷ್ಟ."

ಓಡಿಹೋಗಿ ನೋಡಿದರೆ ಅವ್ವನ ಅಂಗಾಲ ತುಂಬ ಗುಳ್ಳೆ ಎದ್ದಿದ್ದವು. ಚಿದಾನಂದ ಅಲ್ಲೇ ನೆಲಕ್ಕೆ ಕುಸಿದು, ಮಂದಿ ನೋಡುತ್ತಾರೆಂಬ ಪರಿವೆಯೂ ಇಲ್ಲದೆ ಆ ಪಾದ ಹಿಡಿದು ಅತ್ತ.

ಮರುದಿನವೇ ಚಿಲಕ ತಂದ, ಬೀಗ ತಂದ, ನಾಲ್ಕು ಸ್ಕ್ರೂ ಬಿಗಿದ. ಹುಟ್ಟಿದಾಗಿನಿಂದ ಮನೆಯಲ್ಲಿ ಅವನು ಮಾಡಿದ ಮೊದಲ ನೆಟ್ಟಗಿನ ಕೆಲಸ ಅದು. ವಾರ ಕಳೆದು ಪಾದದ ಗುಳ್ಳೆ ಮಾಯ್ದ ಮೇಲೆ ಇಬ್ಬರೂ ಮತ್ತೆ ಕೆಲಸಕ್ಕೆ ಹೊರಟರು. ಅವನು ಬೀಗ ಹಾಕಿ ಇಳಿಯುವಷ್ಟರಲ್ಲಿ ಸಂದಿಯಿಂದ ಎರಡು ಬೆರಳು ಹೊರಬಂದವು. ಕಬ್ಬಿಣವನ್ನು ಮೇಲೆ ಕೆಳಗೆ ತಡವಿದವು, ಎಳೆಯ ತುದಿ ಹುಡುಕಿದವು. ಸಿಗಲಿಲ್ಲ.

"ಅವ್ವಾ, ನಾನಬೇ, ಒಳಗ ಕುಂದರು. ಈಗ ಬರತೇನಿ" ಎಂದ ಚಿದಾನಂದ.

ಒಳಗಿನಿಂದ, ಪರರ ಮುಂದೆ ಮಾತಾಡುವ ಮೆತ್ತಗಿನ ದನಿಯಲ್ಲಿ, ದಾನಮ್ಮ ಅಂದಳು: "ತಪ್ಪಾತರಿ ಯಪ್ಪಾ. ಏನ ಮಾಡೇನೋ ನೆನಪಿಲ್ಲರಿ, ಆದ್ರೂ ತಪ್ಪಾತು. ಬಾಗಲಾ ತಗೀರಿ. ನನ್ನ ಚಿದ್ಯಾ ಸಾಲಿ ಬಿಟ್ಟ ಬರೂ ಹೊತ್ತಾತು, ಕೂಸು ಒಂದ ನಿಂತ ಅಳತೈತ್ರಿ."