ಎಮ್ಮೆಗೆ ಕೊಟ್ಟ ಪರಮಪ್ರಸಾದ

ಪರಮಾನಂದನಿಗೆ ಸಾವಿನ ಭಯ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇತ್ತು, ಧಾರಾಳವಾಗಿಯೇ ಇತ್ತು. ಆದರೆ ಅವನು ಸಾವಿಗಿಂತ ಹೆಚ್ಚು ಹೆದರಿದ್ದು ಒಂದು ಎಮ್ಮೆಗೆ. ಅದೂ ಸತ್ತು ಮೂವತ್ತು ವರ್ಷ ದಾಟಿದ ಎಮ್ಮೆಗೆ.

2007ನೇ ಇಸವಿ, ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದ ಕೊನೆಯ ದಿನಗಳು. ಎದೆನೋವೆಂದು ಮುಧೋಳದ ಡಾಕ್ಟರ ಹತ್ತಿರ ಹೋದವನನ್ನು ಅವರು ಬೆಳಗಾವಿಗೆ ಕಳಿಸಿದ್ದರು. ಬೆಳಗಾವಿಯವರು ಪರೀಕ್ಷೆ ಮಾಡಿ, ಮೂರು ಕಡೆ ರಕ್ತನಾಳ ಕಟ್ಟಿದೆ, ಎದೆ ಬಿಚ್ಚಿಯೇ ಸರಿಮಾಡಬೇಕು ಎಂದು ಸೋಮವಾರದ ದಿನ ಗೊತ್ತುಮಾಡಿದ್ದರು. ಮೆಟ್ಟಿಲು ಹತ್ತಬಾರದು, ಓಡಬಾರದು, ಸಿಟ್ಟು ಮಾಡಿಕೊಳ್ಳಬಾರದು ಎಂದು ಬೇರೆ ಹೇಳಿದ್ದರು. ಮೊದಲ ಎರಡು ಸುಲಭ. ಮೂರನೆಯದನ್ನು ಪಾಲಿಸುವುದು ಅವನಂಥ, ಊರು ಮುಳುಗಿದವರಿಗೆ ಜಾಗ ಕೊಡುವ ಬೀಳಗಿಯ ಮುಳುಗಡೆ ಕಚೇರಿಯ ಹೆಡ್ ಕ್ಲಾರ್ಕಿನಿಂದ ಆಗುವ ಮಾತೇ?

ಪರಮಾನಂದ ಅಜ್ಜನ ಕಾಲದಿಂದ ಕಥೋಲಿಕ. ಜ್ಞಾನಸ್ನಾನದ ಪುಸ್ತಕದಲ್ಲಿ ಅವನ ಹೆಸರು ಪಾಸ್ಕಲ್. ಆ ಹೆಸರು ಹಿಡಿದು ಕೂಗಿದರೆ ಅವನೇ ಯಾರಪ್ಪಾ ಅವನು ಎಂದು ಅತ್ತಿತ್ತ ನೋಡುತ್ತಿದ್ದ. ಅವರ ಊರು ಬೀಳಗಿ ತಾಲೂಕಿನಲ್ಲಿ ಘಟಪ್ರಭೆಯ ದಂಡೆಯ ಮೇಲಿತ್ತು. ಈಗ ಅಲ್ಲಿ ಊರಿಲ್ಲ, ಅಣೆಕಟ್ಟಿನ ಹಿನ್ನೀರು ಇದೆ.

ಎಮ್ಮೆಯ ವಿಷಯ ಇಷ್ಟು. ಅವನಿಗೆ ಒಂಬತ್ತು ವರ್ಷ, ನಾಳೆ ಮೊದಲ ಪರಮಪ್ರಸಾದ. ಇತ್ತ ಮನೆಯ ಒಂದೇ ಒಂದು ಎಮ್ಮೆ ಮೇವು ಬಿಟ್ಟು, ಬಾಯಲ್ಲಿ ನೊರೆ ಬಿಟ್ಟು ಮಲಗಿತ್ತು. ಅವ್ವ ಲಗಮವ್ವ ಅದರ ಕೊರಳು ಹಿಡಿದುಕೊಂಡು ಅಳುತ್ತಿದ್ದಳು. ಆ ಊರಿನಲ್ಲಿ ಯಾವ ದೇವರ ಪ್ರಸಾದ ಬಂದರೂ ಮೊದಲ ಪಾಲು ದನದ್ದು. ಮಠದ ಬೂದಿ ಬಂತೋ, ಎತ್ತಿನ ಹಣೆಗೆ. ದರ್ಗಾದ ದಾರ ಬಂತೋ, ಆಕಳ ಕೊಂಬಿಗೆ. ದುರಗವ್ವನ ಭಂಡಾರದ ಅರಿಶಿನ ಬಂತೋ, ನೀರಿಗೆ ಕಲಸಿ ಎಮ್ಮೆಯ ಬಾಯಿಗೆ. ಇವೆಲ್ಲ ಆಗಲೇ ಆಗಿಹೋಗಿದ್ದವು, ಎಮ್ಮೆ ಏಳಲಿಲ್ಲ. ಹಾಗಾದರೆ ನಮ್ಮ ದೇವರು ಉಳಿದನಲ್ಲ ಎಂದು ಹುಡುಗ ಯೋಚಿಸಿದ.

ಮರುದಿನ ಪಾದರಿಗಳು ಕ್ರಿಸ್ತನ ದೇಹವೆಂದು ನಾಲಿಗೆಯ ಮೇಲಿಟ್ಟ ತೆಳು ರೊಟ್ಟಿಯ ಪ್ರಸಾದವನ್ನು ಅವನು ಅಂಗುಳಕ್ಕೆ ಅಂಟಿಸಿಕೊಂಡ. ಹಲ್ಲು ತಾಗಿಸಬಾರದು ಎಂದು ಉಪದೇಶಿ ಕಲಿಸಿದ್ದರು, ತಾಗಿಸಲಿಲ್ಲ. ನುಂಗಬೇಕು ಎಂದೂ ಕಲಿಸಿದ್ದರು, ಅದನ್ನು ಮಾತ್ರ ಮಾಡಲಿಲ್ಲ. ಬಾಯಿ ಬಿಗಿದುಕೊಂಡು ಓಣಿಯುದ್ದಕ್ಕೂ ಓಡಿದ. ಹೊಸ ಅಂಗಿ ಯಾರು ಹೊಲಿದರೋ ಎಂದು ಕೇಳಿದ ಹೆಂಗಸರಿಗೆಲ್ಲ ಬರೀ ಊಂ ಊಂ ಎಂದ. ಕೊಟ್ಟಿಗೆಗೆ ಹೋಗಿ, ಅದನ್ನು ರೊಟ್ಟಿ ಚೂರಿನೊಳಗೆ ಮುಚ್ಚಿ ಎಮ್ಮೆಯ ಬಾಯಿಗೆ ತುರುಕಿಬಿಟ್ಟ.

ಸಂಜೆಗೆ ಎಮ್ಮೆ ಎದ್ದು ನಿಂತಿತು!

ಮುಂದಿನದು ಕೇಳಿ. ಲಗಮವ್ವ ಸಂತ ಅಂತೋನಿಗೆ ಹರಕೆ ಹೊತ್ತಿದ್ದಳಂತೆ, ಹೀಗಾಗಿ ಎಮ್ಮೆಯನ್ನು ಎಬ್ಬಿಸಿದ ಕೀರ್ತಿಯೆಲ್ಲ ಅಂತೋನಿಯ ಪಾಲಾಯಿತು. ಅರೆಮನಸ್ಸಿನಲ್ಲಿದ್ದ ನಾಲ್ಕು ಮನೆಯವರು ಆ ಎಮ್ಮೆಯನ್ನು ನೋಡಿ ಗಟ್ಟಿ ಮನಸ್ಸು ಮಾಡಿ ಚರ್ಚಿಗೆ ಬಂದರು. ಆಗಿನ ಪಾದರಿಗಳು ಹಬ್ಬದ ದಿನದ ಉಪದೇಶದಲ್ಲಿ ಎಮ್ಮೆಯನ್ನು ಹೊಗಳಿದರು. ಎಳೆಯ ಪಾಪಿ ಮುಂದಿನ ಸಾಲಿನಲ್ಲೇ ಕೂತು ಬೆವರುತ್ತಿದ್ದ. ದೇವರನ್ನು ಎಮ್ಮೆಗೆ ಹಾಕಿದೆ ಎಂದು ಈಗ ಹೇಳಿದರೆ ಮೊದಲು ಅವ್ವ ಹೊಡೆಯುತ್ತಾಳೆ, ಆಮೇಲೆ ಪಾದರಿ, ಆಮೇಲೆ ಆ ನಾಲ್ಕು ಮನೆಯವರು. ಹೇಳಲಿಲ್ಲ. ಒಂದು ತಿಂಗಳು ಹೇಳದ ಮಾತನ್ನು ಎರಡನೇ ತಿಂಗಳು ಹೇಳುವುದು ಇನ್ನೂ ಕಷ್ಟ. ಹಾಗೆಯೇ ನಲವತ್ತಮೂರು ವರ್ಷ ಕಳೆದವು.

ಕಳೆದು ಹೋಗುತ್ತಿತ್ತೋ ಏನೋ. ಆದರೆ ಆ ವರ್ಷ, ಅವನು ಈಗ ಮನೆ ಮಾಡಿಕೊಂಡಿದ್ದ ಮುಧೋಳಕ್ಕೆ ಕರಾವಳಿ ಕಡೆಯಿಂದ ಫಾದರ್ ಸಿಪ್ರಿಯನ್ ಎಂಬ ಹೊಸ ಪಾದರಿ ಬಂದರು. ಇಪ್ಪತ್ತೊಂಬತ್ತು ವರ್ಷದ ಹುಡುಗ, ಪುಸ್ತಕದ ಕನ್ನಡ. ಒಂದು ಭಾನುವಾರದ ಉಪದೇಶದಲ್ಲಿ, "ಬೇಕೆಂದೇ ಒಂದು ಪಾಪವನ್ನು ಬಚ್ಚಿಟ್ಟರೆ ಆ ಪಾಪನಿವೇದನೆಯೇ ಸಿಂಧುವಲ್ಲ. ಆಮೇಲೆ ಮಾಡಿದ್ದೂ ಸಿಂಧುವಲ್ಲ" ಎಂದುಬಿಟ್ಟರು. ಸಿಂಧುವಲ್ಲ ಎಂಬ ಮಾತು ಪರಮಾನಂದನಿಗೆ ಬಹಳ ಚೆನ್ನಾಗಿ ಗೊತ್ತು, ಕಚೇರಿಯ ಕಡತಗಳ ಮೇಲೆ ದಿನಕ್ಕೆ ಹತ್ತು ಸಲ ಬರೆಯುತ್ತಿದ್ದ. ನಲವತ್ತಮೂರು ವರ್ಷದ ಭಕ್ತಿಯೆಲ್ಲ ಒಂದೇ ಏಟಿಗೆ ರದ್ದಾಯಿತೇ? ಹೀಗೇ ಆಪರೇಷನ್ನಿನ ಮಂಚದ ಮೇಲೆ ಕಣ್ಣುಮುಚ್ಚಿದರೆ ನೇರ ನರಕ. ಅಲ್ಲಿ ಎಮ್ಮೆ ಕಾಯುತ್ತಾ ನಿಂತಿರುತ್ತದೆ. ಅಯ್ಯೋ ಶಿವನೇ, ಎಂದ. ಗಾಬರಿಯಾದಾಗ ಅವನ ಬಾಯಿಗೆ ಬರುತ್ತಿದ್ದದ್ದು ಆ ಹೆಸರೇ.

ಹೀಗೆ ಶನಿವಾರ ಸಂಜೆ ನಾಲ್ಕಕ್ಕೆ ಅವನು ಪಾಪನಿವೇದನೆಯ ಸಾಲಿನಲ್ಲಿ ನಿಂತ. ಸಾಲು ಬೇಗ ಸಾಗುತ್ತಿತ್ತು, ಯಾಕೆಂದರೆ ಆ ಚರ್ಚಿನವರದು ಎಲ್ಲರದೂ ಅದೇ ನಾಲ್ಕು ಪಾಪ: ಸಿಟ್ಟು ಬಂತು, ಸುಳ್ಳು ಹೇಳಿದೆ, ಜಪ ತಪ್ಪಿಸಿದೆ, ಸೊಸೆಯನ್ನು ಬೈದೆ. ಸೊಸೆ ಇಲ್ಲದವರೂ ನಾಲ್ಕನೆಯದನ್ನು ಹೇಳಿಬಿಡುತ್ತಿದ್ದರು, ಅಷ್ಟು ಬಾಯಿಪಾಠವಾಗಿತ್ತು.

ಅವನ ಹಿಂದೆ ನಿಂತಿದ್ದವಳು ಬೋರವ್ವ. ಅವನು ಕಂಡರೂ ಕಾಣದಂತೆ ನಿಂತ. ಬೋರವ್ವ ಅದೇ ಮುಳುಗಿದ ಊರಿನ ವಿಧವೆ, ಅವನ ಮನೆಯ ಪಕ್ಕದ ಮನೆಯವಳು. ಸರ್ಕಾರದವರು ಮನೆ ಎಣಿಸಲು ಬಂದ ದಿನ ಅವಳು ಮಗಳ ಬಾಣಂತನಕ್ಕೆ ತೇರದಾಳಕ್ಕೆ ಹೋಗಿದ್ದಳು. ಬಂದವರು "ಬೀಗ ಹಾಕಿದೆ, ಯಾರೂ ವಾಸವಿಲ್ಲ" ಎಂದು ಬರೆದುಕೊಂಡು ಹೋದರು. ವಾಸವಿಲ್ಲದವಳಿಗೆ ಹೊಸ ಊರಿನಲ್ಲಿ ಜಾಗ ಎಲ್ಲಿಯದು? ಎಂಟು ವರ್ಷದಿಂದ ಅವಳು ಇನ್ನೊಬ್ಬರ ಜಾಗದಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದಳು. ಆ ಕಡತ ಇದ್ದದ್ದು ಪರಮಾನಂದನ ಮೇಜಿನ ಮೇಲೆ. ಅವನು ಸ್ಥಳ ಪಂಚನಾಮೆ ಕೇಳಿದ್ದ. ಮನೆ ನಿಂತ ಜಾಗಕ್ಕೇ ಹೋಗಿ, ಕಣ್ಣಾರೆ ನೋಡಿ, ಐದು ಜನ ಸಹಿ ಮಾಡಬೇಕು. ಆ ಜಾಗ ಮೂವತ್ತು ಅಡಿ ನೀರಿನ ಕೆಳಗಿತ್ತು.

"ನೀವ ಬಾಜೂ ಮನ್ಯಾಗ ಬೆಳದಾವ್ರಲ್ರೀ ಸಾಹೇಬ್ರ, ನಮ್ಮ ಕಟ್ಟಿ ಮ್ಯಾಲ ಕುಂತ ಮಜ್ಜಿಗಿ ಕುಡದಾವ್ರ" ಎಂದು ಅವಳು ಒಮ್ಮೆ ಅಂದಿದ್ದಳು.

"ಕಚೇರ್‍ಯಾಗ ಕುಂತಾಂವ ಸಾಕ್ಷಿ ಹೇಳಾಕ ಬರಂಗಿಲ್ಲಬೇ" ಎಂದಿದ್ದ ಅವನು. ಒಂದು ಪೈಸೆ ಲಂಚ ಮುಟ್ಟಿದವನಲ್ಲ ಎಂಬ ಹೆಮ್ಮೆ ಅವನಿಗಿತ್ತು. ಮುಟ್ಟಿದ್ದರೆ ಅವಳಿಗೆ ಎಂದೋ ಜಾಗ ಸಿಗುತ್ತಿತ್ತು ಎಂದು ಕಚೇರಿಯ ಹೊರಗೆ ಜನ ಆಡಿಕೊಳ್ಳುತ್ತಿದ್ದರು.

ಅವನ ಸರದಿ ಬಂತು. ಪರದೆ ಸರಿಸಿ, ಮೊಣಕಾಲೂರಿ, ಕಿಸೆಯಿಂದ ಕಾಗದ ತೆಗೆದ. ಬಾಯಿಂದ ಹೇಳಿದರೆ ಏನಾದರೂ ಬಿಟ್ಟುಹೋದೀತೆಂದು ಬರೆದುಕೊಂಡೇ ಬಂದಿದ್ದ.

"ವಿಷಯ: ಪರಮಪ್ರಸಾದವನ್ನು ಎಮ್ಮೆಗೆ ತಿನ್ನಿಸಿದ ಬಗ್ಗೆ" ಎಂದು ಓದತೊಡಗಿದ. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ನಿವೇದಿಸಿಕೊಳ್ಳುವುದೇನೆಂದರೆ..."

ಪೂರ್ತಿ ಓದಿ ಮುಗಿಸಿದಾಗ ಮೈ ಬೆವರಿನಲ್ಲಿ ತೊಯ್ದಿತ್ತು. ಜಾಲರಿಯ ಆಚೆ ಫಾದರ್ ಎರಡು ಸಲ ಕೆಮ್ಮಿದರು. ನಗು ತಡೆಯುವ ಕೆಮ್ಮು ಅದು.

"ಎಮ್ಮೆ ಬದುಕಿತೇ, ಮಗನೇ?"

"ಬದುಕ್ತ್ರೀ. ಆಮ್ಯಾಲ ಐದ ಕರಾ ಹಾಕ್ತ್ರಿ."

"ದೇವರಿಗೆ ಸ್ತೋತ್ರ. ಆಗ ನೀವು ಮಗು. ಅವ್ವ ಅಳುವುದನ್ನು ನೋಡಲಾರದೆ ಮಾಡಿದಿರಿ. ಇಷ್ಟು ದಿನ ಹೇಳದೇ ಇದ್ದದ್ದು ತಪ್ಪು, ಈಗ ಹೇಳಿದಿರಿ, ಆಯಿತು. ಪ್ರಾಯಶ್ಚಿತ್ತಕ್ಕೆ ಮೂರು ನಮೋ ಮರಿಯಾ ಜಪಿಸಿ."

"ಮೂರಾ?" ಪರಮಾನಂದನಿಗೆ ಸಿಟ್ಟೇ ಬಂತು. "ನಲವತ್ಮೂರ ವರ್ಷ ನಿದ್ದಿಗೆಟ್ಟೀನ್ರೀ ಫಾದರ್ರ! ಇದು ರೋಮಿಗಿ ಹೋಗೂ ಕೇಸ್ ಐತಿ ಅಂತ ಪುಸ್ತಕದಾಗ ಓದೀನ್ರಿ. ಮೊದಲ ಬಿಷಪ್‌ರಿಗಿ ಬರದು, ಅವರ ಕಡಿಂದ ಮ್ಯಾಲ ಕಳಿಸಬೇಕ್ರಿ."

"ಧರ್ಮಸಭೆಯಿಂದ ಹೊರಹಾಕುವ ಆ ಶಿಕ್ಷೆ ಹದಿನಾರು ತುಂಬದವರಿಗೆ ಇಲ್ಲ. ಇಲ್ಲಿಗೇ ಮುಗಿಯಿತು. ಆಮೇಲಿನ ಪಾಪಗಳನ್ನು ಹೇಳಿ."

"ಆಮ್ಯಾಲಿಂದಾ?" ಪರಮಾನಂದ ಯೋಚಿಸಿದ. ನಿಜವಾಗಿಯೂ ಯೋಚಿಸಿದ. ಮನಸ್ಸಿನ ತುಂಬ ಎಮ್ಮೆಯೇ ಮಲಗಿದ್ದರಿಂದ ಬೇರೇನೂ ಕಾಣಲಿಲ್ಲ. "ಆಮ್ಯಾಲಿಂದ ಅಂಥಾದ್ದ ಏನಿಲ್ರಿ. ಸಿಟ್ಟ ಬಂತ್ರಿ, ಸುಳ್ಳ ಹೇಳಿನ್ರಿ, ಜಪ ತಪ್ಪಸಿನ್ರಿ, ಸೊಸಿನ್ನ ಬೈದಿನ್ರಿ." ಅವನ ಮಗನಿಗೆ ಇನ್ನೂ ಹೆಣ್ಣು ನೋಡುತ್ತಿದ್ದರು.

ಫಾದರ್ ಕ್ಷಮೆಯ ಮಾತುಗಳನ್ನು ಹೇಳಿ ಶಿಲುಬೆಯ ಗುರುತು ಮಾಡಿದರು. ಪರಮಾನಂದ ಹೊರಗೆ ಬಂದು ಬೆಂಚಿನ ಹತ್ತಿರ ಮೊಣಕಾಲೂರಿದ. ಬೋರವ್ವ ಒಳಗೆ ಹೋದಳು. ಅವನಿಗೆ ಎದೆ ಹಗುರವಾಗಿತ್ತು, ಸ್ವಲ್ಪ ಬೇಸರವೂ ಆಗಿತ್ತು. ಇಷ್ಟು ಅಗ್ಗದ ಪಾಪಕ್ಕೆ ಇಷ್ಟು ವರ್ಷ ಹೆದರಿದೆನಲ್ಲ ಎಂದುಕೊಳ್ಳುತ್ತ ಎರಡು ನಮೋ ಮರಿಯಾ ಮುಗಿಸಿ ಮೂರನೆಯದಕ್ಕೆ ಕೈಹಾಕಿದ್ದ.

"ಸಾಹೇಬ್ರ, ಒಂದ ಮಾತಿತ್ರಿ."

ಬೋರವ್ವ ಪಕ್ಕದಲ್ಲೇ ನಿಂತಿದ್ದಳು.

"ಇದು ಕಚೇರಿ ಅಲ್ಲಬೇ. ಸೋಮವಾರ ಬಾ" ಎಂದ ರೂಢಿಯಂತೆ. ಸೋಮವಾರ ಎಂದದ್ದೇ ತಡ, ತನ್ನ ಸೋಮವಾರ ಎಲ್ಲಿದೆ ಎಂಬುದು ನೆನಪಾಯಿತು.

"ಕಚೇರಿ ಮಾತಲ್ರೀ. ಪಾದರಿ ಕಳಿಸ್ಯಾರ್ರಿ, ನಿಮ್ಮ ಹಂತೇಕ ಕ್ಷಮಾ ಕೇಳ ಹೋಗ ಅಂತ." ಮುದುಕಿ ಅಲ್ಲೇ ನೆಲದ ಮೇಲೆ ಕೂತಳು. ಸಾಹೇಬ ಎಂಬ ಮಾತು ಅವಳ ಬಾಯಿಂದ ಜಾರಿಹೋಯಿತು. "ತಮ್ಮಾ, ನಿನ್ನ ಎದಿ ಒಡದ ಹೋಗ್ಲಿ ಅಂತ ಬೇಡಕೊಂಡಿದ್ನೋ. ಒಂಬತ್ತ ಮಂಗಳಾರ ಅಂತೋನಪ್ಪನ ಮುಂದ ಮೇಣಬತ್ತಿ ಹಚ್ಚಿ ಬೇಡಕೊಂಡೀನಿ. ಖರೇನ ಹಿಂಗ ಆಕ್ಕೈತಿ ಅಂತ ನನಗೇನ ಗೊತ್ತೋ ಯಪ್ಪಾ! ನಿನ್ನ ಎದಿ ಕೊಯ್ತಾರ ಅಂತ ಕೇಳಿದಾಗಿಂದ ನನಗ ತುತ್ತ ಇಳಿವಲ್ದು. ಬ್ಯಾಡಪಾ, ಅಂವ ನಮ್ಮ ಲಗಮವ್ವನ ಮಗ ಅದಾನ, ನಾ ಎತ್ತಿ ಆಡಿಸಿದ ಕೂಸು, ಉಳಸು ಅಂತ ಅಂತೋನಪ್ಪಗ ಈಗ ಹೇಳೀನಿ. ನನ್ನ ಕ್ಷಮಾ ಮಾಡ ತಮ್ಮಾ."

ಪರಮಾನಂದನ ಬಾಯಿ ಸಾಹೇಬನ ಬಾಯಿ. "ಆತ ಬಿಡು. ಕ್ಷಮಾ ಮಾಡೀನಿ" ಎಂದಿತು, ದೊಡ್ಡ ಮನಸ್ಸಿನಿಂದ. ಬೋರವ್ವ ಅವನ ಕೈಯನ್ನು ಕಣ್ಣಿಗೊತ್ತಿಕೊಂಡು, ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದು ಹೋದಳು.

ಕೈಗೆ ಅವಳ ಕಣ್ಣೀರು ಹತ್ತಿತ್ತು. ಅದನ್ನು ನೋಡುತ್ತಾ ಅವನಿಗೆ ನಾಚಿಕೆಯಾಯಿತು. ಎಂಟು ವರ್ಷ ಮನೆಯಿಲ್ಲದೆ ತಿರುಗಿದವಳು ತನ್ನ ಮುಂದೆ ನೆಲದ ಮೇಲೆ ಕೂತು ಕ್ಷಮೆ ಕೇಳಿದ್ದಳು, ತಾನು ಕೊಟ್ಟೂ ಬಿಟ್ಟಿದ್ದ! ಆಮೇಲಿಂದ ಅಂಥಾದ್ದೇನಿಲ್ಲ ಎಂದು ಐದು ನಿಮಿಷದ ಹಿಂದೆ ದೇವರ ಮುಂದೆ ಹೇಳಿ ಬಂದವನೂ ತಾನೇ.

ಮೂರನೆಯ ನಮೋ ಮರಿಯಾ ಅರ್ಧಕ್ಕೇ ಬಿಟ್ಟು ಅವನು ಮತ್ತೆ ಪರದೆ ಸರಿಸಿದ. ಫಾದರ್ ಎದ್ದು ಹೊರಡುವುದರಲ್ಲಿದ್ದರು.

"ಮತ್ತೆ ಎಮ್ಮೆಯ ವಿಷಯವೇ?"

"ಎಮ್ಮಿ ಅಲ್ರಿ." ಈ ಸಲ ಕಾಗದ ಇರಲಿಲ್ಲ, ಮಾತು ಹಿಂದುಮುಂದಾಯಿತು. "ಆಕಿ ಆ ಮನ್ಯಾಗ ಇದ್ದಳ್ರಿ. ನಾ ನೋಡೀನ್ರಿ. ದಿನಾ ನೋಡೀನಿ, ಆಕಿ ಕೈಯಾಗ ಉಂಡೀನಿ. ನೋಡಿಲ್ಲಂದವ್ರಗತೆ ಎಂಟ ವರ್ಷ ಕಡತ ಇಟಗೊಂಡ ಕುಂತೀನ್ರಿ." ಉಳಿದದ್ದನ್ನು ಅಳುತ್ತಲೇ ಹೇಳಿದ.

ಫಾದರ್ ಈ ಸಲ ಕೆಮ್ಮಲಿಲ್ಲ. "ನೋಡಿದ್ದೇನೆ ಎಂದು ನನಗೆ ಹೇಳಿ ಏನು ಪ್ರಯೋಜನ? ಅದನ್ನು ಕಡತದಲ್ಲಿ ಬರೆದು, ಸಹಿ ಮಾಡಿ ಬನ್ನಿ. ಕ್ಷಮೆಯ ಮಾತು ಆಮೇಲೆ."

"ನಾಳಿ ಬೆಳಗಾವಿಗಿ ಹೋಗಬೇಕ್ರಿ. ಅಷ್ಟರಾಗ ನಾ ಸತ್ತರ?"

"ಕಚೇರಿಯ ಕೀಲಿಕೈ ಯಾರ ಹತ್ತಿರ ಇದೆ?"

ಪರಮಾನಂದ ಕಿಸೆ ಮುಟ್ಟಿ ನೋಡಿಕೊಂಡ. ಬೀಳಗಿಗೆ ಐದೂಕಾಲಿನ ಬಸ್ಸಿತ್ತು. ಅರ್ಜಿದಾರಳ ಹೆಬ್ಬೆಟ್ಟು ಇಲ್ಲದೆ ಹೇಳಿಕೆ ಬರೆಯಲು ಬರುವುದಿಲ್ಲ, ಅವಳೂ ಬೇಕು. ಹೊರಗೆ ಬಂದು ನೋಡಿದರೆ ಬೋರವ್ವ ಆಗಲೇ ಗೇಟು ದಾಟಿ ರಸ್ತೆಗೆ ಇಳಿದಿದ್ದಳು.

"ಬೋರವ್ವಾ! ಯವ್ವಾ, ನಿಂದರಬೇ!" ಎಂದು ಕೂಗುತ್ತ, ಡಾಕ್ಟರ ಮಾತು ಮರೆತು, ಎದೆ ಹಿಡಿದುಕೊಂಡು ಓಡಿದ.

ಮುದುಕಿ ತಿರುಗಿ ನೋಡಿದಳು. ಹೆಡ್ ಕ್ಲಾರ್ಕು ಕೈಬೀಸುತ್ತ ತನ್ನ ಬೆನ್ನುಹತ್ತಿ ಬರುತ್ತಿದ್ದ. ಕೊಟ್ಟ ಕ್ಷಮೆಗೂ ಏನೋ ಕಾಗದ ಕಡಿಮೆ ಬಿತ್ತು, ಅದನ್ನು ತಾ ಅನ್ನಲು ಬರುತ್ತಿದ್ದಾನೆ ಎಂದುಕೊಂಡು ಸೀರೆ ಎತ್ತಿ ಕಟ್ಟಿ ಹೆಜ್ಜೆ ಜೋರು ಮಾಡಿದಳು.