ಮೂವತ್ತನೇ ಕೋಣೆ

ಆಲ್ದೂರಿನ ಆಚೆಯ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಸೌಜನ್ಯ, ಎರಡು ವರ್ಷದ ಊಟದ ಹೊತ್ತನ್ನೆಲ್ಲ ಆಫೀಸಿನ ಕಂಪ್ಯೂಟರಿಗೆ ಕೊಟ್ಟು ಒಂದು ಆಟ ಕಟ್ಟಿದ್ದಳು. ಬಿ.ಎಸ್ಸಿ.ಯಲ್ಲಿ ಓದಿದ ರಸಾಯನಶಾಸ್ತ್ರವೇ ಅದರ ಜೀವ. ಚೌಕಗಳ ಕೋಣೆ, ಒಂದೊಂದಾಗಿ ತಳ್ಳುವ ಬಣ್ಣದ ಗುಂಡುಗಳು. ಜಲಜನಕಕ್ಕೆ ಒಂದು ಕೈ, ಆಮ್ಲಜನಕಕ್ಕೆ ಎರಡು, ಇಂಗಾಲಕ್ಕೆ ನಾಲ್ಕು. ಪಕ್ಕಕ್ಕೆ ಬಂದರೆ ಕೈ ಹಿಡಿಯುತ್ತವೆ. ಹಿಡಿದ ಮೇಲೆ ಬಿಡುವ ಮಾತಿಲ್ಲ. ಒಂದು ಕೈಯೂ ಖಾಲಿ ಉಳಿಯದಿದ್ದರೆ ಕೋಣೆ ಗೆದ್ದ ಹಾಗೆ.

ಇಪ್ಪತ್ತೊಂಬತ್ತು ಕೋಣೆಗಳನ್ನು ಗೆದ್ದಾಗಿತ್ತು. ಕೊನೆಯದು, ತಾನೇ ಕಟ್ಟಿದ್ದು, ಅವಳಿಗೇ ಬಗ್ಗಲಿಲ್ಲ. ಅದಕ್ಕೆ ಇಕ್ಕಟ್ಟಾದ ಒಂದೇ ಬಾಗಿಲು; ಹೊರಗೆ ಒಂದು ಇಂಗಾಲ, ಒಂದು ಆಮ್ಲಜನಕ, ಆರು ಜಲಜನಕ. ಇಂಗಾಲಕ್ಕೆ ಬೇಕಾದಷ್ಟು ಜಾಗ ಒಳಗೆ ಮಾತ್ರ. ಕಂಪ್ಯೂಟರ್ ಆಟಗಳ ಸ್ಪರ್ಧೆಯೊಂದಕ್ಕೆ ಸಿ.ಡಿ. ಕಳಿಸಲು ಅಂದೇ ಕಡೆಯ ದಿನ, ಮೂರಕ್ಕೆ ಕೊರಿಯರ್. ದಾರಿಯೇ ಇಲ್ಲದ ಕೋಣೆಯನ್ನು ಜನರ ಮುಂದಿಡುವುದಕ್ಕಿಂತ ಆಟವನ್ನೇ ಕಳಿಸದಿರುವುದು ವಾಸಿ ಎಂದುಕೊಂಡಿದ್ದಳು.

ಕಾಫಿ ಒಣಗಿಸುವ ಕಣದ ಮೇಸ್ತ್ರಿ ಓಂಕಾರಪ್ಪ ಗೋಣಿಚೀಲ ಕೇಳಲು ಬಂದವರು ಪರದೆಗೆ ಬಗ್ಗಿದರು. "ಎಂಥದಮ್ಮ ಇದು, ಊಟನೂ ಬಿಟ್ಟು?"

ಅವಳು ವಿವರಿಸಿದಳು.

"ಪಾಪ, ನಾಲ್ಕು ಕೈನೂ ಹಿಡಿಸಿಬಿಟ್ರೆ ಬೆನ್ನು ಕೆರ್ಕೊಳ್ಳೋದು ಹೆಂಗೆ ಮಾರಾಯ್ರೆ?"

"ತಮಾಷೆ ಸಾಕು ಓಂಕಾರಣ್ಣ. ನೋಡಿ, ನೀರು ಮಾಡ್ದೆ. ಇಂಗಾಲ ಹೊರಗೇ ಉಳೀತು."

"ಮತ್ತೆ? ಬಾಗ್ಲಲ್ಲೇ ನೀರು ಇಟ್ಕೊಂಡ್ರೆ ಆ ನಾಲ್ಕು ಕೈಯೋನು ಒಳಗೆ ಹೋಗೋದು ಎಲ್ಲಿಂದ?" ಅವರು ಕಿಟಕಿಯಾಚೆ ಕೈ ತೋರಿಸಿದರು. ಆಳುಗಳು ಪಾರ್ಚ್‌ಮೆಂಟ್ ಎನ್ನುವ ತೊಳೆದ ಹಸಿ ಕಾಫಿಬೀಜವನ್ನು ಕಣದ ಆಚೆ ತುದಿಯಿಂದ ಹರಡುತ್ತ ಹಿಂದೆ ಹಿಂದೆ ಬರುತ್ತಿದ್ದರು. "ಈ ಕಡೆಯಿಂದ ಹರಡಿದ್ರೆ ಕಾಫಿ ತುಳ್ಕೊಂಡೇ ಹೋಗ್ಬೇಕಾಗ್ತದೆ!"

ಎರಡು ವರ್ಷ ಇದೇ ಕಿಟಕಿಯ ಪಕ್ಕ ಕೂತಿದ್ದಳು ಸೌಜನ್ಯ. ಸುಲಭದ್ದನ್ನು ಮೊದಲು ಮುಗಿಸುವ ಚಪಲ ಅವಳದು; ಪ್ರತಿ ಸಲವೂ ನೀರೇ ಮೊದಲು.

ಇಂಗಾಲವನ್ನು ಆಚೆ ತುದಿಗೆ ತಳ್ಳಿದಳು. ಮೂರು ಜಲಜನಕ ಸೇರಿದವು. ನಾಲ್ಕನೆಯದು ದಾರಿಯಲ್ಲೇ ಆಮ್ಲಜನಕದ ಕೈ ಹಿಡಿದುಬಿಟ್ಟಿತು.

"ಆ ಹುಡುಗೀನ ಗೋಡೆ ಬದಿ ನಡೆಸಿ ಅಮ್ಮ, ಕಂಡೋರ ಕೈಯೆಲ್ಲ ಹಿಡೀತಾಳೆ!"

ಮತ್ತೆ ಮೊದಲಿನಿಂದ, ಗೋಡೆ ಬದಿಯಲ್ಲೇ. ಇಂಗಾಲದ ನಾಲ್ಕು ಕೈಯೂ ತುಂಬಿದವು. ಉಳಿದೆರಡು ಜಲಜನಕ ಬಾಗಿಲಲ್ಲಿ ಆಮ್ಲಜನಕಕ್ಕೆ ಕೂಡಿಕೊಂಡವು. ಕೋಣೆ ಹಸಿರಾಯಿತು.

"ದಾರಿ ಇತ್ತು," ಎಂದಳು ಸೌಜನ್ಯ. ಖಾಲಿ ಸಿ.ಡಿ.ಯೊಂದನ್ನು ಕಂಪ್ಯೂಟರಿಗೆ ತೂರಿಸಿದಳು.

"ತಲೆ ಅಂದ್ರೆ ನಿಮ್ದು ರೈಟರಮ್ಮ! ಇಷ್ಟೇ ಇಷ್ಟು ಜಾಗದಲ್ಲಿ ಇಷ್ಟು ಜನನ ಹೊಂದಿಸಿದ್ದೀರಿ. ನಂಗೆ ಅಷ್ಟು ದೊಡ್ಡ ಕಣದಲ್ಲೂ ಜಗಳ ಬಿಡ್ಸೋದೇ ಕೆಲ್ಸ."

ಲಕೋಟೆ ಅಂಟಿಸಿ ಅವಳು ಎದ್ದಳೋ ಇಲ್ಲವೋ, ಮೇಸ್ತ್ರಿ ಕುರ್ಚಿ ಹಿಡಿದಾಗಿತ್ತು.

"ನೀವು ಹೋಗಿ ಬನ್ನಿ. ಒಂದನೇ ಕೋಣೆ ಎಲ್ಲಿಂದ ಶುರು ಅಂತ ತೋರ್ಸಿ ಹೋದ್ರೆ ಸಾಕು."