ಮೂಲೆ ಮುಚ್ಚದ ಕೌದಿ

ನಮ್ಮ ಕುರುಗೋಡಿನ ಕೌದಿ ಸಂಘಕ್ಕೆ ಫೇಸ್‌ಬುಕ್ ಬಂದದ್ದು ಎರಡು ಸಾವಿರದ ಹತ್ತರಲ್ಲಿ. ತಂದವಳು ಆಫ್ರೀನ್, ನನ್ನ ಜೊತೆ ಹೊಲಿಯುವ ಮಾಬುಬೀಯ ಮಗಳು. ಬಳ್ಳಾರಿಗೆ ಕಾಲೇಜಿಗೆ ಹೋಗುತ್ತಿದ್ದ ಹುಡುಗಿ, ಬಸ್ ಸ್ಟ್ಯಾಂಡ್ ಹತ್ತಿರದ ಇಂಟರ್‌ನೆಟ್ ಸೆಂಟರಿನಲ್ಲಿ ಕೂತು ಸಂಘದ ಹೆಸರಿನಲ್ಲೇ ಖಾತೆ ತೆರೆದಳು. ಅದು ಹುಟ್ಟಿದ ತಾರೀಕು ಕೇಳಿತಂತೆ, ಗಂಡೋ ಹೆಣ್ಣೋ ಎಂದೂ ಕೇಳಿತಂತೆ. ಹನ್ನೊಂದು ಹೆಂಗಸರ ಸಂಘ, ಹೆಣ್ಣು ಎಂದೇ ಬರೆದು ಬಂದಿದ್ದಳು.

ಆಗ ಎಲ್ಲರ ಬಾಯಲ್ಲೂ ಅದಿರಿನ ಮಾತೇ. ಲಾರಿ ಕೊಂಡವರು, ಲಾರಿ ಓಡಿಸುವವರು, ಲಾರಿಗೆ ಪಂಕ್ಚರ್ ಹಾಕುವವರು. ನಾವು ಮಾತ್ರ ಬಳ್ಳಾರಿಯ ಜೀನ್ಸ್ ಕಾರ್ಖಾನೆಗಳಿಂದ ತಂದ ತುಂಡು ಬಟ್ಟೆಗೆ ಹಳೆಯ ಸೀರೆ ಸೇರಿಸಿ ಕೌದಿ ಹೊಲಿಯುತ್ತಾ ಕೂತಿದ್ದೆವು. ನಾವಿದ್ದೇವೆಂದು ನಾಲ್ಕು ಜನಕ್ಕೆ ಗೊತ್ತಾಗಬೇಕಲ್ಲ, ಅದಕ್ಕೇ ಫೇಸ್‌ಬುಕ್ ಎಂದಳು ಆಫ್ರೀನ್. ಪ್ರತಿ ಕೌದಿಯ ಫೋಟೋವನ್ನೂ ತನ್ನ ಫೋನಿನಲ್ಲಿ ಹಿಡಿದು ಅದರಲ್ಲಿ ಹಾಕುತ್ತಿದ್ದಳು.

ಸಂಘದ ಅಧ್ಯಕ್ಷೆ ನಾನು, ದಾಕ್ಷಾಯಣಮ್ಮ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಸುಳ್ಳೇನಲ್ಲ.

“ದೊಡ್ಡಮ್ಮ, ನಲವತ್ತು ಮಂದಿ ಫ್ರೆಂಡ್ ಆಗ್ತೀವಿ ಅಂತ ಕೇಳ್ಯಾರ. ಎಲ್ಲಾರಿಗೂ ಹೂಂ ಅಂದುಬಿಡ್ಲೇನು?” ಎಂದಳು ಆಫ್ರೀನ್ ಒಂದು ಸಂಜೆ.

“ಯಾವ ಊರು, ಯಾರ ಮನಿಯೋರು ಅಂತ ಕೇಳದ ಹೂಂ ಅಂತಾರೇನ? ಮದ್ಲು ಕೇಳು. ಅವ್ವ ಅದಾಳೇನು, ಆರಾಮ ಅದಾಳೇನು, ಅದನ್ನೂ ಕೇಳು.”

ಪಾಪ, ಹುಡುಗಿಗೆ ನಾಚಿಕೆ. ಆದರೂ ನಾನು ಬೆಳಿಗ್ಗೆ ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಸ್ಸು ಹತ್ತುತ್ತಿದ್ದಳು, ಸಂಜೆ ಉತ್ತರ ತರುತ್ತಿದ್ದಳು. ಅರ್ಧಕ್ಕರ್ಧ ಜನ ಉತ್ತರವನ್ನೇ ಕೊಡಲಿಲ್ಲ. ಕೊಟ್ಟವರು ಮಾತ್ರ ಉದ್ದುದ್ದ ಬರೆದರು. ಅವರಲ್ಲೊಬ್ಬ ಹೊನ್ನೂರಸ್ವಾಮಿ, ಅದಿರು ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಗುಮಾಸ್ತ. ಅವನ ಊರು ಕೊಳಗಲ್ಲಿನಲ್ಲಿ ತಾಯಿಗೆ ಮೊಣಕಾಲು ನೋವು. ಔಡಲ ಎಲೆ ಬಿಸಿ ಮಾಡಿ ಕಟ್ಟಲು ಹೇಳಿ ಕಳಿಸಿದೆ. ಆಮೇಲೆ ವಾರಕ್ಕೊಮ್ಮೆ ನೋವು ಹೇಗಿದೆ ಎಂದು ವಿಚಾರಿಸುತ್ತಿದ್ದೆ.

“ಇದು ಪ್ರಚಾರ ಅಲ್ಲ ದೊಡ್ಡಮ್ಮ, ಬೀಗರ ಉಪಚಾರ” ಎಂದು ಆಫ್ರೀನ್ ನಗುತ್ತಿದ್ದಳು.

ಈಗ ನನ್ನ ತಪ್ಪು ಹೇಳಬೇಕು. ನಾವು ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಬಿಡುವುದಿಲ್ಲ. ಕೊನೆಯ ಮೂಲೆಯಲ್ಲಿ ನಾಲ್ಕು ಕಾಳು ಅಕ್ಕಿಯೋ ಚಿಟಿಕೆ ಸಕ್ಕರೆಯೋ ಇಟ್ಟು ಹೊಲಿಗೆ ಮುಗಿಸುತ್ತೇವೆ. ಮಾರುವ ಕೌದಿಗೆ ನಾವೇ ಇಡುತ್ತೇವೆ. ಯಾರಾದರೂ ತಮ್ಮ ಮನೆಯ ಸೀರೆ ಕೊಟ್ಟು ಹೊಲಿಸಿದರೆ ಆ ಮೂಲೆಯನ್ನು ತೆರೆದೇ ಕೊಡಬೇಕು. ಕಾಳೂ ಆ ಮನೆಯದೇ, ಕೊನೆಯ ಹೊಲಿಗೆಯೂ ಆ ಮನೆಯವರ ಕೈಯದೇ.

ಸಿರುಗುಪ್ಪದ ಗಂಗಕ್ಕ ತೀರಿಹೋದ ತನ್ನ ತಾಯಿ ಸುಂಕಮ್ಮನ ಐದು ಸೀರೆ ಕೊಟ್ಟಿದ್ದಳು. ಮಗಳು ಬಸುರಿ, ಹುಟ್ಟುವ ಕೂಸನ್ನು ಮುತ್ತಜ್ಜಿಯ ಸೀರೆಯ ಮೇಲೆ ಮಲಗಿಸಬೇಕೆಂಬ ಆಸೆ. ಮಾಬುಬೀ ಅದನ್ನು ತನ್ನ ಮನೆಯಲ್ಲೇ ಹೊಲಿದು, ಮೂಲೆಯನ್ನು ತೆರೆದೇ ಬಿಟ್ಟು, ಸಂಘದ ಕಪಾಟಿನಲ್ಲಿ ಇಟ್ಟಿದ್ದಳು. ಅಂದು ಭಾನುವಾರ, ಬಳ್ಳಾರಿಯಲ್ಲಿ ಮಾರಾಟ ಮೇಳ. ಹೊರಡಲು ತಡಮಾಡಿದಳೆಂದು ನಾನು ಮಾಬುಬೀಯ ಮೇಲೆ ಹರಿಹಾಯ್ದಿದ್ದೆ. ಅದೇ ಸಿಟ್ಟಿನಲ್ಲಿ ಕಪಾಟು ತೆಗೆದರೆ ಮೂಲೆ ಮುಚ್ಚದ ಕೌದಿ. ಕೆಲಸಗಳ್ಳಿ ಎಂದು ಗೊಣಗುತ್ತಾ ಚಿಟಿಕೆ ಸಕ್ಕರೆ ಹಾಕಿ ಹೊಲಿದೆ, ಮಾರುವ ಗಂಟಿಗೆ ಸೇರಿಸಿದೆ. ಮೂವತ್ತು ವರ್ಷ ಕೌದಿ ಹೊಲಿದ ನನಗೆ ತೆರೆದ ಮೂಲೆಯ ಅರ್ಥ ಗೊತ್ತಿರಲಿಲ್ಲವೇ? ಗೊತ್ತಿತ್ತು. ಸಿಟ್ಟಿನಲ್ಲಿ ಕಾಣಲಿಲ್ಲ.

ಮೇಳದಲ್ಲಿ ಅದನ್ನು ಕೊಂಡವನ ಅಂಗಿಯ ಮೇಲೆ, ಹುಬ್ಬಿನ ಮೇಲೆಲ್ಲ ಕೆಂಪು ಧೂಳು. ಅದಿರು ಲಾರಿಯ ಡ್ರೈವರ್ ಎಂದು ಗೊತ್ತಾಯಿತು, ಹೆಸರು ಕೇಳಲಿಲ್ಲ.

ಸೋಮವಾರ ಗಂಗಕ್ಕನ ಫೋನು. “ಅಕ್ಕಾರ, ಹೆಣ್ಣು ಕೂಸು ಆಗೈತ್ರಿ! ಶುಕ್ರವಾರ ತೊಟ್ಟಿಲಿಗೆ ಹಾಕ್ತೀವಿ. ನಮ್ಮವ್ವನ ಕೌದಿ ತಯಾರೈತಲ್ರಿ?”

ಮಾಬುಬೀ ಕಪಾಟು ತೆಗೆದಳು. ಖಾಲಿ. ನಾನು ನಡೆದದ್ದು ಹೇಳಿದೆ. ಅವಳು ಬೈದಿದ್ದರೆ ಹಗುರಾಗುತ್ತಿತ್ತು. ಬೈಯದೆ ನನ್ನ ಪಕ್ಕ ಕೂತು, “ಹುಡುಕೋಣ ತಗೋ ಅಕ್ಕಾ” ಎಂದಳು. ಆ ಮಾತಿಗೆ ನನಗೆ ಅಳು ಬಂತು.

ಕೌದಿಯ ಫೋಟೋ ಆಫ್ರೀನಳ ಫೋನಿನಲ್ಲಿತ್ತು, ನಡುವೆ ಹಸಿರು ಇಳಕಲ್ ಸೀರೆಯ ಸೆರಗು. “ತಪ್ಪಾತು ಅಂತ ನಾವ ಬರದ್ರ ಸಂಘದ ಹೆಸರು ಏನಾಗ್ತೈತಿ ದೊಡ್ಡಮ್ಮ? ಈ ಕೌದಿ ವಾಪಸ್ ಬೇಕು ಅಂತಷ್ಟ ಹಾಕೋಣ” ಎಂದಳು.

“ಮುಚ್ಚಿಟ್ಟು ಯಾವ ಹೆಸರು ಉಳಿಸ್ಕೊಳ್ಳಾಕ? ನನ್ನ ಹೆಸರು ಹಾಕು. ಕೇಳದ ಮೂಲಿ ಮುಚ್ಚಿದಾಕಿ ದಾಕ್ಷಾಯಣಮ್ಮ ಅಂತ ಬರಿ. ಯಾರ ಕೂಸಿಗೆ, ಯಾಕ ಬೇಕು, ಎಲ್ಲಾ ಬರಿ.”

ಮಧ್ಯಾಹ್ನದ ಬಸ್ಸಿಗೇ ಹೋಗಿ ಬರೆದಳು. ಮರುದಿನ ಸಂಜೆ ಉತ್ತರ ಓದುವಾಗ ಅವಳ ದನಿ ಸಣ್ಣಗಾಗಿತ್ತು. ಒಂದು ಸೀರೆ ಕಾಯಲಾರದವರಿಗೆ ಸಂಘ ಬೇರೆ ಕೇಡು ಎಂದು ಒಬ್ಬ ಬರೆದಿದ್ದ. ಕೊನೆಯಲ್ಲಿ ಹೊನ್ನೂರಸ್ವಾಮಿಯ ಉತ್ತರ. ಫೋಟೋ ಪ್ರಿಂಟ್ ತೆಗೆಸಿ, ನಮ್ಮ ವಿಳಾಸ ಬರೆದು, ವೇಬ್ರಿಡ್ಜಿನ ಕಿಟಕಿಗೆ ಅಂಟಿಸಿದ್ದಾನಂತೆ. “ಲಾರಿ ಅಂದಮ್ಯಾಲೆ ತೂಕಕ್ಕ ಬರಬೇಕಲ್ಲಮ್ಮ. ಬಂದೋರಿಗೆಲ್ಲಾ ತೋರಿಸ್ತೀನಿ. ನಮ್ಮವ್ವನ ಕಾಲು ಹೆಂಗೈತಿ ಅಂತ ವಾರವಾರ ಕೇಳಿದೋರು ನೀವೊಬ್ರ.”

ಬುಧವಾರ ಏನೂ ಬರಲಿಲ್ಲ. ಗುರುವಾರ ಮಧ್ಯಾಹ್ನ ಸಂಘದ ಮುಂದೆ ಲಾರಿ ನಿಂತಿತು. ಅದೇ ಮನುಷ್ಯ, ಕೈಯಲ್ಲಿ ಪ್ಲಾಸ್ಟಿಕ್ ಚೀಲ.

“ದಾಕ್ಷಾಯಣಮ್ಮ ಅಂದ್ರ ಯಾರ್ರಿ? ನಾನು ಗಾದಿಲಿಂಗಪ್ಪ, ಆದೋನಿ ಕಡಿಯೋನು. ಎರಡು ದಿನ ಇದರ ಮ್ಯಾಲ ಮಲಗೀನಿ ಅಮ್ಮ, ಧೂಳಾಗಿತ್ತು. ಕೂಸಿಗೆ ಅಂತ ಗೊತ್ತಾತಲ್ಲ, ಒಗದು, ಒಣಗಿಸಿ ತಂದೀನಿ.”

ಕೌದಿಯಿಂದ ಸೋಪಿನ ವಾಸನೆ ಬರುತ್ತಿತ್ತು. ನಾನು ಅವನ ಎರಡೂ ಕೈ ಹಿಡಿದುಕೊಂಡೆ. ಹನ್ನೊಂದು ಹೆಂಗಸರೂ ಎದ್ದು ನಿಂತಿದ್ದರು. ಅವನು ಕೊಟ್ಟಿದ್ದ ಹಣ ವಾಪಸ್ ಕೊಟ್ಟು, ನಿನಗೊಂದು ಬೇರೆ ಹೊಲಿದು ಕೊಡುತ್ತೇವೆ ಎಂದೆ. ಆಗಲಿ ಎಂದು ಹೋದ.

ಶುಕ್ರವಾರ ಸಿರುಗುಪ್ಪದಲ್ಲಿ ನಾನೇ ಎಲ್ಲ ಹೇಳಿದೆ. ಗಂಗಕ್ಕ ನಾನು ಹಾಕಿದ ಹೊಲಿಗೆ ಬಿಚ್ಚಿದಳು. ಸಕ್ಕರೆ ನೀರಿನಲ್ಲಿ ಕರಗಿಹೋಗಿತ್ತು. ತನ್ನ ಗದ್ದೆಯ ಅಕ್ಕಿ ನಾಲ್ಕು ಕಾಳು ಇಟ್ಟು ತಾನೇ ಹೊಲಿದಳು. ಕೂಸನ್ನು ಮಲಗಿಸಿ, “ನಮ್ಮವ್ವ ಲಾರಿ ಹತ್ತಿ ಊರು ನೋಡಿ ಬಂದ್ಲು ಬಿಡ್ರಿ. ಹಂಗ ಅಂತ ಬರಿಯವ್ವಾ ನಿನ್ನ ಫೇಸ್‌ಬುಕ್ಕಿನ್ಯಾಗ” ಎಂದು ಆಫ್ರೀನಳಿಗೆ ಹೇಳಿದಳು. ಆಫ್ರೀನ್ ಹಾಗೇ ಬರೆದಳು. ಆ ವಾರ ತಾಯಿಯ ಸೀರೆ ಕಳಿಸುತ್ತೇವೆಂದು ಹದಿನಾಲ್ಕು ಮನೆಯವರು ಕೇಳಿದರು.

ಅವಕ್ಕಿಂತ ಮೊದಲು ಗಾದಿಲಿಂಗಪ್ಪನ ಕೌದಿ ಹೊಲಿದೆವು, ಹನ್ನೊಂದು ಜನರೂ ಒಂದೊಂದು ಸೀರೆ ಹಾಕಿ. ಮೂಲೆಯನ್ನು ತೆರೆದೇ ಬಿಟ್ಟು, ಹೊನ್ನೂರಸ್ವಾಮಿಯ ಮೂಲಕ ಕಳಿಸಿದೆ. ವಾರದ ಮೇಲೆ ಲಾರಿ ಮತ್ತೆ ಬಂತು. ಕೌದಿ ಅವನ ಹೆಗಲ ಮೇಲಿತ್ತು, ಮೂಲೆ ಇನ್ನೂ ತೆರೆದೇ ಇತ್ತು. ನನಗೆ ಸಿಟ್ಟು ಏರಿತು.

“ಯಾಕಪ್ಪಾ, ಏನ್ ಕಮ್ಮಿ ಆತು ಇದಕ್ಕ?”

“ಕಮ್ಮಿ ಏನಿಲ್ಲಮ್ಮ. ಮನಿಯೋರ ಕೈಲೆ ಮುಚ್ಚಿಸಬೇಕು ಅಂತ ಹೊನ್ನೂರಸ್ವಾಮಿ ಹೇಳಿದ. ನಂಗ ಮನಿಯೋರು ಅಂತ ಯಾರೂ ಇಲ್ರಿ. ಅದಕ್ಕ ಇಲ್ಲಿಗೇ ತಂದೀನಿ.”

ಕಾಣದ ನಲವತ್ತು ಜನಕ್ಕೆ ಅವ್ವ ಅದಾಳೇನು ಎಂದು ಕೇಳಿ ಕಳಿಸಿದ್ದ ನಾನು, ಬಾಗಿಲಿಗೆ ಬಂದು ನಿಂತವನನ್ನು ಕೇಳಿರಲಿಲ್ಲ. ಮಾಬುಬೀ ಒಳಗಿನಿಂದ ಅಕ್ಕಿ ತಂದಳು. ಸೂಜಿಗೆ ದಾರ ಪೋಣಿಸುವಾಗ ನನ್ನ ಕಣ್ಣು ಮಂಜಾಗಿ ಆಫ್ರೀನಳೇ ಪೋಣಿಸಿಕೊಟ್ಟಳು.

“ಮುಚ್ಚಲೇನಪ್ಪಾ?” ಎಂದು ಕೇಳಿದೆ.

ಅವನು ಹೂಂ ಎಂದ ಮೇಲೆ ಹೊಲಿದೆ.